ಓದುಗರ ಪ್ರಶ್ನೆ: ಮೂರು ಹಳಿಗಳ ನಿಲ್ದಾಣ ಯಾವ ಕಾಲದ್ದು?

ಪ್ರಶ್ನೆ: ಇಂಗ್ಲೆಂಡಿನ ವಿಲ್ಟ್‌ಶೈರ್ ಕೌಂಟಿಯ ಹಳೆಯ ಛಾಯಾಚಿತ್ರಗಳ ಸಣ್ಣ ಕಟ್ಟೊಂದು ನನ್ನ ಬಳಿ ಇದೆ. ಒಂದರಲ್ಲಿ ಚಿಪ್ಪನಂ ರೈಲು ನಿಲ್ದಾಣವಿದ್ದು, ಒಂದೊಂದು ಮಾರ್ಗದಲ್ಲೂ ಮೂರು ಹಳಿಗಳು ಕಾಣುತ್ತವೆ. ಇನ್ನೊಂದು ಕಾನ್ ಪಟ್ಟಣದ ಬೀದಿಯ ಚಿತ್ರವಿರುವ ಅಂಚೆ ಕಾರ್ಡು. ಅದರ ಮೇಲೆ ಎಡ್ವರ್ಡ್ ದೊರೆಯ ಅರ್ಧ ಪೆನ್ನಿ ಅಂಚೆಚೀಟಿ ಇದೆ. ಯಾವುದರ ಮೇಲೂ ಇಸವಿ ಬರೆದಿಲ್ಲ. ಕಾಲವನ್ನು ಗುರುತಿಸುವುದು ಹೇಗೆ?

ಉತ್ತರ: ತಾವು ಗಮನಿಸಿರುವ ಮೂರನೆಯ ಹಳಿಯೇ ಅರ್ಧ ಉತ್ತರವನ್ನು ಹೇಳುತ್ತಿದೆ. ಲಂಡನ್‌ನಿಂದ ಬ್ರಿಸ್ಟಲ್‌ಗೆ ಹೋಗುವ ಗ್ರೇಟ್ ವೆಸ್ಟರ್ನ್ ಮಾರ್ಗವನ್ನು ಎಂಜಿನಿಯರ್ ಬ್ರೂನೆಲ್ ಏಳು ಅಡಿ ಕಾಲು ಅಂಗುಲ ಅಗಲದ ಬ್ರಾಡ್‌ಗೇಜ್‌ನಲ್ಲಿ ಕಟ್ಟಿಸಿದರು. ವಿಲ್ಟ್‌ಶೈರಿನ ಬಾಕ್ಸ್ ಸುರಂಗ ಪೂರ್ಣಗೊಂಡು ಇಡೀ ಮಾರ್ಗ ತೆರೆದದ್ದು 1841ರಲ್ಲಿ. ದೇಶದ ಉಳಿದೆಡೆ ನಾಲ್ಕು ಅಡಿ ಎಂಟೂವರೆ ಅಂಗುಲದ ಗೇಜ್ ರೂಢಿಯಾದ ಮೇಲೆ, ಎರಡೂ ಬಗೆಯ ಗಾಡಿಗಳು ಓಡಲೆಂದು ಒಂದು ಹಳಿಯನ್ನು ಎರಡಕ್ಕೂ ಸಾಮಾನ್ಯವಾಗಿರಿಸಿ, ನಡುವೆ ಇನ್ನೊಂದನ್ನು ಹಾಕಿದರು. ಚಿಪ್ಪನಂ ಭಾಗದಲ್ಲಿ ಈ ಕೆಲಸ ನಡೆದದ್ದು 1874ರಲ್ಲಿ. ಬ್ರಾಡ್‌ಗೇಜ್ ಪೂರ್ತಿಯಾಗಿ ನಿಂತುಹೋದದ್ದು 1892ರ ಮೇ ತಿಂಗಳಲ್ಲಿ. ಆದ್ದರಿಂದ ತಮ್ಮ ಚಿತ್ರ ಈ ಹದಿನೆಂಟು ವರ್ಷಗಳ ಒಳಗಿನದು ಎಂದು ಧೈರ್ಯವಾಗಿ ಹೇಳಬಹುದು.

ಇದಕ್ಕಿಂತ ಹತ್ತಿರ ಹೋಗಬೇಕಾದರೆ ಭೂತಗನ್ನಡಿ ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತ ಮನುಷ್ಯರನ್ನು ನೋಡಿ. ಮೈ ಸ್ಪಷ್ಟವಾಗಿದ್ದು ಮುಖ ಮಾತ್ರ ಕಲಸಿಹೋಗಿದ್ದರೆ, ಅಥವಾ ಒಬ್ಬನ ಕಾಲುಗಳ ಹಿಂದಿನ ಕಲ್ಲುಗೋಡೆ ಆ ಕಾಲುಗಳ ಮೂಲಕವೇ ತೋರುತ್ತಿದ್ದರೆ, ಫಿಲಂ ಬದಲಿಗೆ ಆಗ ಬಳಸುತ್ತಿದ್ದ ಗಾಜಿನ ಪ್ಲೇಟಿಗೆ ಬೆಳಕು ತಾಗುತ್ತಿದ್ದಷ್ಟು ಹೊತ್ತು ಅವನು ಅಲುಗಾಡಿದ್ದಾನೆ ಎಂದರ್ಥ. 1880ರ ಸುಮಾರಿಗೆ ಬಳಕೆಗೆ ಬಂದ, ಮೊದಲೇ ಲೇಪಿಸಿ ಒಣಗಿಸಿಟ್ಟ ‘ಒಣ ಪ್ಲೇಟು’ಗಳಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಹಾಗಾಗಿ ನಡೆಯುವವರೂ ಸ್ಪಷ್ಟವಾಗಿ ಮೂಡಿದ್ದರೆ 1880ರ ನಂತರದ್ದೆಂದು ಊಹಿಸುವುದು ತಪ್ಪಲ್ಲ. ಆಕಾಶ ಬರಿದೇ ಬಿಳುಪಾಗಿರುವುದನ್ನು ಕಂಡು ಅಂದು ಮೋಡವಿರಲಿಲ್ಲ ಎಂದುಕೊಳ್ಳಬಾರದು. ಆ ಕಾಲದ ಪ್ಲೇಟುಗಳು ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು, ಕೆಂಪನ್ನು ಕಪ್ಪಾಗಿಯೇ ಮೂಡಿಸುತ್ತಿದ್ದವು. ಕೆಂಪು ಅಂಚೆಪೆಟ್ಟಿಗೆ ಇಂಥ ಚಿತ್ರಗಳಲ್ಲಿ ಇದ್ದಿಲಿನಂತೆ ಕಾಣುವುದು ಇದರಿಂದಲೇ.

ಅಂಚೆ ಕಾರ್ಡಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಏಳನೆಯ ಎಡ್ವರ್ಡ್ ದೊರೆಯ ಅಂಚೆಚೀಟಿಗಳು ಬಂದದ್ದು 1902ರಲ್ಲಿ. ಹಿಂಬದಿಯಲ್ಲಿ ಗೆರೆ ಎಳೆದು ಒಂದು ಕಡೆ ಒಕ್ಕಣೆಗೂ ಇನ್ನೊಂದು ಕಡೆ ವಿಳಾಸಕ್ಕೂ ಜಾಗ ಕೊಡಲು ಬ್ರಿಟನ್ನಿನ ಅಂಚೆ ಇಲಾಖೆ ಒಪ್ಪಿದ್ದೂ ಅದೇ ವರ್ಷ. ಆದರೆ ಇವು ಹೇಳುವುದು ಕಾರ್ಡು ಅಂಚೆಗೆ ಬಿದ್ದ ಕಾಲವನ್ನೇ ಹೊರತು ಚಿತ್ರ ತೆಗೆದ ಕಾಲವನ್ನಲ್ಲ. 1860ರಲ್ಲಿ ಸರ್ರೆಯ ರೀಗೇಟ್‌ನಲ್ಲಿ ಫ್ರಾನ್ಸಿಸ್ ಫ್ರಿತ್ ಆರಂಭಿಸಿದಂಥ ಸಂಸ್ಥೆಗಳು ಒಂದೇ ನೆಗೆಟಿವ್‌ನಿಂದ ವರ್ಷಗಟ್ಟಲೆ ಪ್ರತಿ ತೆಗೆದು ಮಾರುತ್ತಿದ್ದವು. ಕಾರ್ಡಿನ ಮೂಲೆಯಲ್ಲಿ ಚಿಕ್ಕ ಸಂಖ್ಯೆಯೇನಾದರೂ ಇದ್ದರೆ ಅದು ಪ್ರಕಾಶಕರ ಪಟ್ಟಿಯ ಸಂಖ್ಯೆ. ಅಂಚೆ ಮುದ್ರೆಗಿಂತ ಅದನ್ನು ನಂಬುವುದು ಮೇಲು.

ಬೀದಿಯ ಅಂಗಡಿಯ ಫಲಕದಲ್ಲಿ ಮಾಲೀಕರ ಹೆಸರು ಓದಲು ಬಂದರೆ ಆ ಕಾಲದ ಕೆಲ್ಲೀಸ್ ವ್ಯಾಪಾರ ಡೈರೆಕ್ಟರಿಗಳಲ್ಲಿ ಹುಡುಕಿ. ಆ ಹೆಸರು ಯಾವ ಸಂಚಿಕೆಯಲ್ಲಿ ಬರುತ್ತದೆ, ಯಾವುದರಲ್ಲಿ ಮರೆಯಾಗುತ್ತದೆ ಎಂಬುದು ಒಳ್ಳೆಯ ಗಡಿ ಹಾಕಿಕೊಡುತ್ತದೆ. ನಂಬರ್ ಪ್ಲೇಟ್ ಇರುವ ಮೋಟಾರು ಕಂಡರೆ ಚಿತ್ರ 1903ರ ಮೋಟಾರು ಕಾಯಿದೆಗಿಂತ ಹಿಂದಿನದಾಗಲಾರದು. ವಿಲ್ಟ್‌ಶೈರಿಗೆ ಮೊದಲು ದೊರೆತ ಅಕ್ಷರಗಳು ‘ಎಎಂ’.

ಪ್ರಶ್ನೆ: ಗಾಜಿನ ಪ್ಲೇಟು ದುಬಾರಿಯಾಗಿದ್ದ ಕಾಲದಲ್ಲಿ ಗೋದಾಮು, ಎಂಜಿನ್, ಸಾದಾ ಮನೆಗಳ ಚಿತ್ರಗಳನ್ನು ಯಾರು, ಏಕೆ ತೆಗೆದರು?

ಉತ್ತರ: ಇವುಗಳಲ್ಲಿ ಹೆಚ್ಚಿನವು ಕೆಲಸಕ್ಕಾಗಿ ತೆಗೆದ ಚಿತ್ರಗಳು. ಗ್ರೇಟ್ ವೆಸ್ಟರ್ನ್ ಕಂಪನಿ ವಿಲ್ಟ್‌ಶೈರಿನ ಸ್ವಿಂಡನ್ನಿನಲ್ಲಿ 1843ರಲ್ಲಿ ಶುರುಮಾಡಿದ ರೈಲ್ವೆ ಕಾರ್ಖಾನೆಯಲ್ಲಿ ಹೊಸ ಬಗೆಯ ಎಂಜಿನ್ ಸಿದ್ಧವಾದಾಗ ಅದರ ಚಿತ್ರ ಕಂಪನಿಯ ದಾಖಲೆಗೆ ಸೇರುತ್ತಿತ್ತು. ಹೊಳೆಯುವ ಹಸಿರು ಬಣ್ಣದ ಮೇಲೆ ಬೆಳಕು ಬಿದ್ದರೆ ಮೊಳೆಗಳೂ ಕೊಳವೆಗಳೂ ಮಾಯವಾಗುವುದರಿಂದ, ಚಿತ್ರಕ್ಕೆಂದೇ ಎಂಜಿನ್ನಿಗೆ ಮಂದವಾದ ಬೂದು ಬಣ್ಣ ಬಳಿದು ನಿಲ್ಲಿಸುತ್ತಿದ್ದರು. ಅಂಥ ಚಿತ್ರ ನೋಡಿ ಎಂಜಿನ್ ಬೂದು ಬಣ್ಣದಲ್ಲೇ ಓಡುತ್ತಿತ್ತು ಎಂದು ಬರೆಯುವವರು ಇಂದಿಗೂ ಇದ್ದಾರೆ; ಇದು ತಿದ್ದಲೇಬೇಕಾದ ತಪ್ಪು. ನನಗೆ ಎಲ್ಲಕ್ಕಿಂತ ಮನ ಕಲಕುವುದು 1892ರ ಸ್ವಿಂಡನ್ ಚಿತ್ರಗಳು. ಕೆಲಸ ಮುಗಿದ ಬ್ರಾಡ್‌ಗೇಜ್ ಎಂಜಿನ್‌ಗಳು, ಬಿಚ್ಚಿಹಾಕುವ ದಿನಕ್ಕಾಗಿ, ತಾತ್ಕಾಲಿಕ ಹಳಿಗಳ ಮೇಲೆ ಸಾಲುಸಾಲಾಗಿ ನಿಂತಿವೆ.

ಮನೆಗಳ ಚಿತ್ರಗಳಿಗೆ ಕಾರಣ ಯುದ್ಧ. ಬಾಂಬು ಬಿದ್ದು ಕಟ್ಟಡಗಳು ನೆಲಸಮವಾಗುತ್ತಿದ್ದಾಗ, ಉಳಿದವನ್ನಾದರೂ ಚಿತ್ರದಲ್ಲಿ ಹಿಡಿದಿಡಲೆಂದು 1941ರಲ್ಲಿ ನ್ಯಾಷನಲ್ ಬಿಲ್ಡಿಂಗ್ಸ್ ರೆಕಾರ್ಡ್ ಎಂಬ ಸಂಸ್ಥೆ ಹುಟ್ಟಿತು. ಅದರ ಸಂಗ್ರಹ ಈಗ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ದಾಖಲಾಗಾರದ ಭಾಗವಾಗಿ ಸ್ವಿಂಡನ್ನಿನಲ್ಲೇ, ಹಳೆಯ ರೈಲ್ವೆ ಕಟ್ಟಡವೊಂದರಲ್ಲಿದೆ. ಶಾಖಾ ಮಾರ್ಗಗಳು ಮುಚ್ಚತೊಡಗಿದಾಗ ರೈಲುಪ್ರಿಯರು ಕ್ಯಾಮೆರಾ ಹಿಡಿದು ಹೊರಟರು. ತಮ್ಮ ಕಾರ್ಡಿನ ಕಾನ್ ಪಟ್ಟಣಕ್ಕೆ 1863ರಲ್ಲಿ ಬಂದ ರೈಲು 1965ರಲ್ಲಿ ನಿಂತಿತು. ಹಂದಿಮಾಂಸ ಸಂಸ್ಕರಿಸುತ್ತಿದ್ದ ಹ್ಯಾರಿಸ್ ಕಾರ್ಖಾನೆಯ ಸರಕು ಆ ಮಾರ್ಗದಲ್ಲೇ ಹೋಗುತ್ತಿತ್ತು. ಆ ಕಾರ್ಖಾನೆಯನ್ನೂ ಮುಂದೆ ಕೆಡವಿದರು. ಹಾಗಾಗಿ ಅಂಥ ಕಾರ್ಡಿನಲ್ಲಿ ಛಾವಣಿಗಳ ಆಚೆ ಕಾರ್ಖಾನೆಯ ಗೋಡೆಯ ತುಣುಕೊಂದು ಕಂಡರೂ ಅದಕ್ಕೆ ಬೆಲೆಯಿದೆ.

ಪ್ರಶ್ನೆ: ಇವನ್ನು ನನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಬಹುದೇ?

ಉತ್ತರ: ಚಿತ್ರದ ಪ್ರತಿ ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಬ್ರಿಟನ್ನಿನ ಕಾನೂನಿನಂತೆ ಸಾಮಾನ್ಯವಾಗಿ ಛಾಯಾಗ್ರಾಹಕರು ತೀರಿಕೊಂಡ ನಂತರ 70 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ನಿಲ್ದಾಣದ ಚಿತ್ರ ಅಷ್ಟು ಹಳೆಯದಾದ್ದರಿಂದ ತೊಡಕು ಬರುವ ಸಂಭವ ಕಡಿಮೆ. ಕಾರ್ಡಿಗೆ ಮಾತ್ರ ಛಾಯಾಗ್ರಾಹಕರ ಹೆಸರನ್ನು ಮೊದಲು ಹುಡುಕಿ.

ಸ್ಕ್ಯಾನ್ ಮಾಡಿಸುವಾಗ ಹಿಂಬದಿಯನ್ನೂ ಮಾಡಿಸಿ, ಪೆನ್ಸಿಲಿನ ಬರಹವನ್ನು ಅಳಿಸಲು ಬಿಡಬೇಡಿ. ಇದೇ ಕೌಂಟಿಯ ಲೇಕಾಕ್ ಅಬ್ಬಿ ಎಂಬ ತಮ್ಮ ಮನೆಯಲ್ಲಿ, ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್‌ನಲ್ಲಿ ತೆಗೆದ ಕಿಟಕಿಯ ನೆಗೆಟಿವ್, ಉಳಿದಿರುವವುಗಳಲ್ಲೇ ಅತ್ಯಂತ ಹಳೆಯದು. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಿರಬಹುದು. ತೆಗೆದ ಹೊಸದರಲ್ಲಿ ಮಸೂರ ಹಿಡಿದರೆ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದಾಗಿತ್ತು ಎಂದು ಟಾಲ್ಬಟ್ ಅದರ ಪಕ್ಕದಲ್ಲಿ ತಮ್ಮ ಕೈಯಾರೆ ಬರೆದಿಟ್ಟಿದ್ದಾರೆ. ಚಿತ್ರ ಮಸುಕಾಗಿದೆ, ಟಿಪ್ಪಣಿಯನ್ನು ಈಗಲೂ ಓದಬಹುದು.