ಲಕ್ಷ ಸೆಟ್-ಟಾಪ್ ಬಾಕ್ಸುಗಳಿಗೆ ಒಂದೇ ಕಡತ

ಪ್ರಶ್ನೆ: ನಮ್ಮ ಮನೆಯ ಕೇಬಲ್ ಸೆಟ್-ಟಾಪ್ ಬಾಕ್ಸಿಗೆ ಇಂಟರ್ನೆಟ್ ಸಂಪರ್ಕವಿಲ್ಲ. ಆದರೂ ‘ಸಾಫ್ಟ್‌ವೇರ್ ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ’ ಎಂಬ ಸೂಚನೆ ಆಗಾಗ ಕಾಣಿಸುತ್ತದೆ. ಲಕ್ಷಾಂತರ ಬಾಕ್ಸುಗಳಿಗೆ ಇದನ್ನು ಕಳುಹಿಸುವುದು ಹೇಗೆ? ನಡುವೆ ಕರೆಂಟು ಹೋದರೆ ಬಾಕ್ಸ್ ಕೆಡುತ್ತದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಚಾನೆಲ್ಲುಗಳನ್ನು ಹೊತ್ತು ತರುವ ಕೇಬಲ್ಲೇ ಈ ಸಾಫ್ಟ್‌ವೇರನ್ನೂ ತರುತ್ತದೆ. ನಿಮ್ಮ ಬಾಕ್ಸ್ ಅದನ್ನು ಕೇಳಿ ಪಡೆಯುವುದಿಲ್ಲ. ಹಾಗೆ ಕೇಳಲು ಅದಕ್ಕೆ ಸಂಸ್ಥೆಯತ್ತ ಸಂದೇಶ ಕಳುಹಿಸುವ ದಾರಿಯೂ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಚಾನೆಲ್ಲುಗಳನ್ನು ಒಟ್ಟುಗೂಡಿಸಿ ಕೇಬಲ್ಲಿಗೆ ಕಳುಹಿಸುವ, ಕೇಬಲ್ ಸಂಸ್ಥೆಯ ಹೆಡ್‌ಎಂಡ್ ಕೇಂದ್ರದಲ್ಲಿ ಹೊಸ ಸಾಫ್ಟ್‌ವೇರಿನ ಕಡತವನ್ನು ಸುಮಾರು 4 ಸಾವಿರ ಬೈಟುಗಳ ಸಣ್ಣ ತುಂಡುಗಳನ್ನಾಗಿ ಮಾಡಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಟ್ಟು, ಕೊನೆಯ ತುಂಡು ಹೋದ ಮೇಲೆ ಮತ್ತೆ ಮೊದಲನೆಯದರಿಂದ ಆರಂಭಿಸುತ್ತ, ದಿನಗಟ್ಟಲೆ ಪುನಃಪುನಃ ಪ್ರಸಾರ ಮಾಡುತ್ತಾರೆ. ಇದಕ್ಕೆ ಡೇಟಾ ಕರೋಸೆಲ್ ಎಂದು ಹೆಸರು. ಬಾಕ್ಸ್ ಯಾವ ತುಂಡಿನಿಂದ ಬೇಕಾದರೂ ಸಂಗ್ರಹ ಆರಂಭಿಸಬಹುದು. ಸಿಗ್ನಲ್ ದೋಷದಿಂದ ಯಾವುದಾದರೂ ತುಂಡು ಹಾಳಾಗಿದ್ದರೆ ಎಲ್ಲವನ್ನೂ ಮತ್ತೆ ಪಡೆಯದೆ, ಮುಂದಿನ ಸುತ್ತಿನಲ್ಲಿ ಅದೊಂದನ್ನೇ ತುಂಬಿಕೊಳ್ಳಬಹುದು.

ಇದರಿಂದಾಗುವ ಉಳಿತಾಯ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಕಡತ 20 ಮೆಗಾಬೈಟ್ ಇದ್ದು, ಒಂದು ಲಕ್ಷ ಬಾಕ್ಸುಗಳಿಗೆ ಬೇರೆ ಬೇರೆಯಾಗಿ ಕಳುಹಿಸಿದರೆ 20 ಲಕ್ಷ ಮೆಗಾಬೈಟ್ ಸಾಗಿಸಬೇಕಾಗುತ್ತದೆ. ಕರೋಸೆಲ್‌ನಲ್ಲಿ ಅದೇ ಕಡತ ಸೆಕೆಂಡಿಗೆ ಅರ್ಧ ಮೆಗಾಬಿಟ್ (8 ಬಿಟ್ ಸೇರಿದರೆ ಒಂದು ಬೈಟ್) ವೇಗದಲ್ಲಿ ಸುತ್ತಿದರೂ ಒಂದು ಸುತ್ತು ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಕೇಳುವ ಬಾಕ್ಸ್ ಒಂದಿರಲಿ, ಲಕ್ಷವಿರಲಿ, ಖರ್ಚು ಅಷ್ಟೇ. 64-ಕ್ಯೂಎಎಂ ಎಂಬ ಸಿಗ್ನಲ್ ವಿಧಾನದ, ಹಲವು ಚಾನೆಲ್ಲುಗಳನ್ನು ಒಟ್ಟಿಗೆ ಸಾಗಿಸುವ 8 ಮೆಗಾಹರ್ಟ್ಸ್ ಅಗಲದ ಕೇಬಲ್ ತರಂಗಪಟ್ಟಿಯೊಂದು ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಸಾಗಿಸುವುದರಿಂದ, ಇಷ್ಟು ಪಾಲು ಬಿಟ್ಟುಕೊಟ್ಟರೆ ಚಾನೆಲ್ಲುಗಳ ಚಿತ್ರಕ್ಕೆ ಧಕ್ಕೆಯಾಗುವುದಿಲ್ಲ. ವೇಗ ಹೆಚ್ಚಿಸುವುದಕ್ಕಿಂತ ನಿಧಾನವಾಗಿ, ಬಹಳ ದಿನ ಸುತ್ತಿಸುವುದೇ ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಊರಿಗೆ ಹೋದವರ ಮನೆಯ ಬಾಕ್ಸಿಗೂ ಆಗ ಅವಕಾಶ ಸಿಗುತ್ತದೆ.

ಒಂದೇ ಜಾಲದಲ್ಲಿ ಹಲವು ಕಂಪನಿಗಳ, ಹಲವು ಮಾದರಿಗಳ ಬಾಕ್ಸುಗಳಿರುತ್ತವೆ. ಹಾಗಾಗಿ ತಯಾರಕರ ಗುರುತು, ಯಂತ್ರಾಂಶದ ಆವೃತ್ತಿ ಮತ್ತು ಸಾಫ್ಟ್‌ವೇರಿನ ಆವೃತ್ತಿಯನ್ನು ತಿಳಿಸುವ ಸೂಚನಾಪಟ್ಟಿಯೂ ಜೊತೆಯಲ್ಲೇ ಪ್ರಸಾರವಾಗುತ್ತದೆ. ಅದು ತನಗೆ ಹೊಂದಿಕೆಯಾದರೆ ಮಾತ್ರ ಬಾಕ್ಸ್ ಕಡತವನ್ನು ಪಡೆಯುತ್ತದೆ. ಡಿಜಿಟಲ್ ಟಿವಿ ಪ್ರಸಾರಕ್ಕೆ ಸಂಬಂಧಿಸಿದ ಡಿವಿಬಿ ಮಾನದಂಡಗಳಲ್ಲಿ ಈ ಏರ್ಪಾಡಿಗೆ ಪ್ರತ್ಯೇಕ ನಿಯಮಗಳೇ ಇವೆ. ಜವಾಬ್ದಾರಿಯುಳ್ಳ ಸಂಸ್ಥೆ ಮೊದಲು ಕೆಲವೇ ಬಾಕ್ಸುಗಳಲ್ಲಿ ಪರೀಕ್ಷಿಸಿ, ಅನಂತರವೇ ಎಲ್ಲರಿಗೂ ಬಿಡುಗಡೆ ಮಾಡಬೇಕು. ತಪ್ಪು ಕಡತ ಸುತ್ತತೊಡಗಿದರೆ ಅದೂ ಅಷ್ಟೇ ಸಲೀಸಾಗಿ ಲಕ್ಷ ಮನೆಗಳನ್ನು ತಲುಪುತ್ತದೆ.

ಇನ್ನು ಕರೆಂಟಿನ ವಿಷಯ. ತುಂಡುಗಳನ್ನು ಸಂಗ್ರಹಿಸುವಾಗ ಕರೆಂಟು ಹೋದರೆ ಹಾನಿಯಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಫ್ಲ್ಯಾಶ್ ಮೆಮೊರಿಗೆ ಬರೆಯುವ ಹೊತ್ತು ಮಾತ್ರ ಸೂಕ್ಷ್ಮವಾದದ್ದು. ಮೆಮೊರಿಯಲ್ಲಿ ಎರಡು ಪ್ರತಿಗಳಿಗೆ ಜಾಗವಿರುವ ಬಾಕ್ಸುಗಳು ಹೊಸದರ ಡಿಜಿಟಲ್ ಸಹಿ (ಕಡತ ಅಸಲಿಯೆಂದು ತೋರಿಸುವ ಗುರುತು) ಸರಿಯಿದೆಯೆಂದು ಖಚಿತವಾಗುವವರೆಗೆ ಹಳೆಯದನ್ನು ಉಳಿಸಿಕೊಳ್ಳುತ್ತವೆ. ಅಗ್ಗದ ಬಾಕ್ಸುಗಳಲ್ಲಿ ಆ ಜಾಗ ಇಲ್ಲದಿರಬಹುದು. ಆದರೂ ಬಾಕ್ಸ್ ಆನ್ ಆದೊಡನೆ ಮೊದಲು ಓಡುವ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಮ್ ಅಳಿಯದೆ ಉಳಿದಿದ್ದರೆ, ಕರೆಂಟು ಬಂದೊಡನೆ ಅದು ಕರೋಸೆಲ್‌ನಿಂದ ಮತ್ತೆ ಪಡೆಯಲು ಯತ್ನಿಸುತ್ತದೆ. ಆ ಸೂಚನೆ ಕಂಡಾಗ ಗೋಡೆಯ ಸ್ವಿಚ್ಚನ್ನು ಮುಟ್ಟದೆ, ಕೇಬಲ್ ತಂತಿಯನ್ನೂ ಬಿಚ್ಚದೆ ಹಾಗೆಯೇ ಬಿಡಿ.