ದಕ್ಷಿಣದ ಬಾಯಿಂದ ಬಂದವರು

ಕುಮಟಾದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಲೆರ್ವಿಕ್ ಬಂದರಿನ ಚಿತ್ರ ನೋಡಿದೆ. ಮನೆಗಳ ತಲೆಯ ಮೇಲೇ ಪ್ರವಾಸಿ ಹಡಗು ನಿಂತಂತಿದೆ, ಊರಿಗೆ ಊರೇ ಅದರೊಳಗೆ ಹಿಡಿಸೀತು. ಹೀಗೆ ಬಂದುಹೋಗುವವರ ಕೈಗೆ ಸಿಕ್ಕ ಮೇಲೆ ಊರಿನವರಿಗೆ ಅಂತ ಏನು ಉಳಿಯುತ್ತದೆ? ಗೋಕರ್ಣ ಕಂಡ ನಮಗೆ ಈ ಪ್ರಶ್ನೆ ಬಂದೇ ಬರುತ್ತದೆ. ಅಂದಹಾಗೆ, ಲೆರ್ವಿಕ್ ಇರುವುದು ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳಲ್ಲಿ, ನೀವು ಅಚ್ಚು ಹಾಕಿದಂತೆ ಆರ್ಕ್ನಿ ದ್ವೀಪಗಳಲ್ಲಲ್ಲ."

ತಪ್ಪು ನಮ್ಮದೇ. ಆ ಅಡಿಬರಹ ಬರೆದವನು ನಾನು. ಕೆಲವು ವರ್ಷಗಳ ಹಿಂದೆ ಜೂನ್‌ನಲ್ಲಿ ನಾಲ್ಕು ದಿನ ಆ ಊರಿನಲ್ಲೇ ಇದ್ದು ಬಂದವನೂ ನಾನೇ ಆದ್ದರಿಂದ ನೆಪ ಹೇಳುವ ಹಾಗೂ ಇಲ್ಲ.

ಇನ್ನು ಪ್ರಶ್ನೆ. ಊರು ಮೊದಲು, ಬಂದುಹೋಗುವವರು ಆಮೇಲೆ ಎಂದು ನೀವು ಎಣಿಸಿದ್ದೀರಿ. ಲೆರ್ವಿಕ್‌ನಲ್ಲಿ ನಡೆದದ್ದು ತಿರುಗಾಮುರುಗಾ. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಊರೆನ್ನುವಂಥದ್ದು ಇರಲಿಲ್ಲ. ನಮ್ಮ ಬೂತಾಯಿಯ ಬಳಗದ ಹೆರಿಂಗ್ ಮೀನು ಹಿಡಿಯಲು ನೂರಾರು ಡಚ್ ದೋಣಿಗಳು ಬೇಸಿಗೆಗೆ ಬಂದು ಎದುರಿನ ಬ್ರೆಸ್ಸೆ ದ್ವೀಪಕ್ಕೂ ಈ ದಡಕ್ಕೂ ನಡುವಿನ ಜಲಸಂಧಿಯಲ್ಲಿ ಲಂಗರು ಹಾಕುತ್ತಿದ್ದವು. ಜೂನ್ 24ರ ಸಂತ ಜಾನ್‌ನ ಹಬ್ಬದ ಹೊತ್ತಿಗೆ ಬಲೆ ಇಳಿಯಬೇಕು, ಅಲ್ಲಿಯವರೆಗೆ ಸಾವಿರಾರು ನಾವಿಕರಿಗೆ ಕೆಲಸವಿಲ್ಲ. ಸುತ್ತಲ ಹಳ್ಳಿಯವರು ಉಣ್ಣೆಯ ಕಾಲುಚೀಲ ಹೆಣೆದು ತಂದು ಮಾರಿದರು, ಡಚ್ಚರಿಂದ ತಂಬಾಕು, ಜಿನ್ ಕೊಂಡರು. ದಡದಲ್ಲಿ ಗುಡಿಸಲುಗಳೆದ್ದವು, ಕುಡಿತ ಜಗಳ ಎಲ್ಲ ಬಂತು. ಆರು ಮೈಲಿ ಆಚೆ ಸ್ಕಾಲೊವೆಯಲ್ಲಿ ಶೆಟ್ಲೆಂಡಿನ ಆಗಿನ ರಾಜಧಾನಿ. ಅಲ್ಲಿನ ನ್ಯಾಯಾಲಯ 1625ರಲ್ಲಿ ಈ ಗುಡಿಸಲುಗಳನ್ನು ಕೆಡವಿ ಎಂದು ಆಜ್ಞೆ ಮಾಡಿತು. ಗುಡಿಸಲು ಮತ್ತೆ ಎದ್ದವು. ಈಗ ರಾಜಧಾನಿಯೇ ಲೆರ್ವಿಕ್.

ಆ ಬಂದರಿಗೆ ಎರಡು ಬಾಯಿ, ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಅಬರ್ಡೀನ್‌ನಿಂದ ಸಂಜೆ ಹೊರಟು ಬೆಳಗ್ಗೆ ಏಳೂವರೆಗೆ ಮುಟ್ಟುವ ಹಡಗು ದಕ್ಷಿಣದ ಬಾಯಿಂದ ಒಳಗೆ ಬರುತ್ತದೆ. ಅದಕ್ಕೇ ಹೊರಗಿನಿಂದ ಬಂದವರಿಗೆ ಅವರ ಆಡುಮಾತಿನಲ್ಲಿ 'ಸೂತ್‌ಮೂದರ್' ಎಂದು ಹೆಸರು, ಅಂದರೆ ದಕ್ಷಿಣದ ಬಾಯಿಂದ ಬಂದವರು. ಮೂವತ್ತು ವರ್ಷ ಅಲ್ಲೇ ಬಾಳಿದರೂ ಆ ಹೆಸರು ಬಿಡುವುದಿಲ್ಲ. ನಿಮ್ಮ ಕಡೆ 'ಘಟ್ಟದ ಮೇಲಿನವರು' ಎನ್ನುವುದಿಲ್ಲವೇ, ಹಾಗೆ.

ಬಂದವರಲ್ಲಿ ನನಗೆ ತುಂಬ ಹಿಡಿಸಿದ್ದು 1980-90ರ ದಶಕಗಳ ಕ್ಲಾಂಡೈಕರ್‌ಗಳ ಕತೆ. ಸೋವಿಯತ್ ಕಡೆಯ ಕಾರ್ಖಾನೆ ಹಡಗುಗಳವು. ಸ್ಥಳೀಯ ದೋಣಿಗಳಿಂದ ಬಂಗುಡೆ ಜಾತಿಯ ಮೀನು, ಹೆರಿಂಗ್ ಕೊಂಡು ಹಡಗಿನಲ್ಲೇ ಸಂಸ್ಕರಿಸುತ್ತಿದ್ದವು. ದಡಕ್ಕಿಳಿದ ನಾವಿಕರ ಕೈಯಲ್ಲಿ ಕಾಸಿಲ್ಲ, ಕಣ್ಣೆಲ್ಲ ಹಳೆ ಸಾಮಾನಿನ ಮೇಲೆ: ಟೈರು, ಟೀವಿ, ಎಲ್ಲಕ್ಕಿಂತ ಮುಖ್ಯವಾಗಿ ಹಳೆ ಲಾಡಾ ಕಾರು. ಅಲ್ಲಿ ಯಾರಿಗೂ ಬೇಡವಾದ ರಷ್ಯನ್ ಕಾರು ಹಡಗಿನ ಅಟ್ಟವೇರಿ ತವರಿಗೇ ವಾಪಸು! 1993ರ ನವೆಂಬರಿನಲ್ಲಿ ಅಂಥದೊಂದು ಹಡಗು, ಲುನೊಖೋದ್ಸ್-1, ಬ್ರೆಸ್ಸೆಯ ದೀಪಸ್ತಂಭದ ಕೆಳಗಿನ ಬಂಡೆಗೆ ಬಡಿಯಿತು. ಹೆಲಿಕಾಪ್ಟರ್ ಮತ್ತು ಜೀವರಕ್ಷಕ ದೋಣಿಯವರು ಸೇರಿ ನಾವಿಕರನ್ನೆಲ್ಲ ಎತ್ತಿ ತಂದರು.

ನಿಮ್ಮ ಆತಂಕ ಸುಳ್ಳು ಎನ್ನಲಾರೆ. ಏಳು ಸಾವಿರದಷ್ಟು ಜನರ ಊರಿಗೆ ಒಂದೇ ಹಡಗಿನಲ್ಲಿ ನಾಲ್ಕೈದು ಸಾವಿರ ಜನ ಬರುವುದುಂಟು. ಡಚ್ಚರಿಗೆ ಕಾಲುಚೀಲ ಬೇಕಿತ್ತು, ರಷ್ಯನ್ನರಿಗೆ ಮೀನೂ ಲಾಡಾವೂ ಬೇಕಿತ್ತು. ಹಡಗಿನಲ್ಲೇ ಉಂಡು ಇಳಿದು ಹಡಗಿಗೇ ಉಣ್ಣಲು ಮರಳುವವರಿಗೆ ಊರಿನಿಂದ ಬೇಕಾಗುವುದು ಒಂದು ಫೋಟೋ, ಒಂದು ಶೌಚಾಲಯ. ಹಳೆಯ ಗಿರಾಕಿಗೂ ಹೊಸಬರಿಗೂ ಇರುವ ವ್ಯತ್ಯಾಸ ಇದೇ ಎಂದು ನನ್ನ ಲೆಕ್ಕ. ತಲೆ ಎಣಿಸಿದರೆ ಇದು ತಿಳಿಯುವುದಿಲ್ಲ.

ಊರಿನವರು 'ದ ಸ್ಟ್ರೀಟ್' ಎಂದಷ್ಟೇ ಕರೆಯುವ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಒಬ್ಬ ಹಿರಿಯ ಹೆಂಗಸು ಹೆಣೆಯುತ್ತ ಕೂತಿದ್ದರು. ಸೊಂಟಕ್ಕೆ ಚರ್ಮದ ಪಟ್ಟಿ, ಅದಕ್ಕೆ ಕುದುರೆಗೂದಲು ತುಂಬಿದ ಅಂಗೈಯಗಲದ ದಿಂಬು, ಅದರ ಮೈತುಂಬ ತೂತು. ಬಲಗಡೆಯ ಸೂಜಿಯ ಹಿಂತುದಿಯನ್ನು ತೂತಿಗೆ ಸಿಕ್ಕಿಸಿಬಿಟ್ಟರೆ ಸೂಜಿಯ ಭಾರ ಪಟ್ಟಿಯದು, ಬೆರಳಿಗೆ ನೂಲಿನ ಕೆಲಸವಷ್ಟೇ. ಒಲೆಗೆ ಉರಿಸುವ ಪೀಟ್ ಮಣ್ಣಿನ ಬುಟ್ಟಿ ಬೆನ್ನಿಗೇರಿಸಿ ನಡೆಯುತ್ತಲೇ ಹೆಣೆಯುತ್ತಿದ್ದ ಕಾಲದ ಉಪಾಯ ಇದು. ಹಡಗಿನವರು ಬಂದರು, ಸ್ವೆಟರಿನ ಬೆಲೆ ನೋಡಿದರು, ಫ್ರಿಜ್ಜಿಗೆ ಅಂಟಿಸುವ ಕಾಂತಪಟ್ಟಿ ಕೊಂಡು ಹೋದರು. ಆಕೆಯ ಕೈ ನಿಲ್ಲಲಿಲ್ಲ.

ಊರಿನವರಿಗೆ ಏನು ಉಳಿದಿದೆ ಎಂದಿರಲ್ಲ, ಜನವರಿ ಉಳಿದಿದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಪ್ರವಾಸಿ ಹಡಗುಗಳು ಆ ದಿಕ್ಕಿಗೆ ತಲೆ ಹಾಕುವುದಿಲ್ಲ. ಜನವರಿಯ ಕೊನೆಯ ಮಂಗಳವಾರ ನೂರಾರು ಪಂಜು ಹಿಡಿದು, ತಿಂಗಳುಗಟ್ಟಲೆ ಕೂತು ಮಾಡಿದ ಮರದ ಹಡಗನ್ನು ಸುಡುತ್ತಾರೆ. ಅಪ್ ಹೆಲಿ ಆ ಎಂಬ ಈ ಹಬ್ಬದ ಮರುದಿನ ಊರಿಗೆ ರಜೆ. ಗಂಡಸರದೇ ಆಗಿದ್ದ ಪಂಜಿನ ತಂಡಗಳಲ್ಲಿ ಹೆಂಗಸರೂ ನಡೆದದ್ದು 2023ರಲ್ಲಿ, ಊರೊಳಗೇ ವರ್ಷಗಟ್ಟಲೆ ವಾಗ್ವಾದ ನಡೆದ ಮೇಲೆ. ಜಗಳವಾಡಲು ಸ್ವಂತದ್ದೊಂದು ಹಬ್ಬ ಇದೆಯೆಂದರೆ ಊರು ಇನ್ನೂ ಊರಿನವರದೇ ಅಂತ ನಾನು ತಿಳಿಯುತ್ತೇನೆ.

ಗೋಕರ್ಣದಲ್ಲಿ ಹೀಗೆ ಊರಿನವರದೇ ಆಗಿ ಏನುಂಟು ಎಂಬುದನ್ನು ನನಗಿಂತ ನೀವು ಬಲ್ಲಿರಿ. ಎರಡು ಪುಟಕ್ಕಾಗುವಷ್ಟು ಬರೆದು ಕಳಿಸಿ, ಚಿತ್ರಗಳಿದ್ದರೆ ಇನ್ನೂ ಒಳ್ಳೆಯದು. ಅಡಿಬರಹ ಮಾತ್ರ ನೀವೇ ಬರೆದುಕೊಡಿ.

— ಸಂಪಾದಕ