ಪಡುಗಡೆ ಕಿಟಕಿಗೆ ಲೆನ್ಸ್ ಇಡಬೇಡಿ ಮಾರಾಯ್ರೇ

ಹಳೇ ದೀಪಸ್ತಂಭದ ಕೆಳಕೋಣೆಯ ಫೋಟೋ ಹಾಕಿ ‘ಪ್ರದರ್ಶನಕ್ಕೆ ಇನ್ನೆಂತ ಸೇರಿಸಬಹುದು’ ಅಂತ ಕೇಳಿದ್ದೀರಿ. ಎಲ್ಲರೂ ಸೂಪರ್ ಅಂತ ಹೆಬ್ಬೆರಳು ಒತ್ತಿ ಹೋಗಿದ್ದಾರೆ. ನಾನು ಒತ್ತುವುದಿಲ್ಲ. ಫ್ರೆನೆಲ್ ಲೆನ್ಸಿನ, ಅಂದ್ರೆ ದೀಪದ ಬೆಳಕನ್ನು ದೂರಕ್ಕೆ ಕಳಿಸುವ ಬಳೆಬಳೆಯ ಗಾಜಿನ, ಪ್ಯಾನೆಲ್ ಕಡಲ ಕಡೆಯ ಕಿಟಕಿಗೆ ಮುಖ ಮಾಡಿ ನಿಂತಿದೆ, ಅದರ ಬೆನ್ನಿಗೇ ಮೇಜು, ಮೇಜಿನ ಮೇಲೆ ಸಂದರ್ಶಕರ ಪುಸ್ತಕ. ಸಂಜೆ ಬಿಸಿಲಿಗೆ ಗೋಡೆ ಮೇಲೆ ಕಾಮನಬಿಲ್ಲು ಬೀಳಲಿ ಅಂತ ತಾನೇ? ನಾನೂ ಒಂದು ಕಡೆ ಹಾಗೇ ಇಟ್ಟವನು.

ನಾವು ಜೋಡಿಸಿದ್ದು ಆಟಿ ತಿಂಗಳಲ್ಲಿ. ಜಡಿಮಳೆ, ಸೂರ್ಯನ ಮುಖವೇ ಇಲ್ಲ, ಹಾಗಾಗಿ ಎಲ್ಲ ಚಂದವೇ ಇತ್ತು. ದೀಪಾವಳಿ ಹೊತ್ತಿಗೆ ಮೋಡ ಬಿಟ್ಟಿತು. ಒಂದು ಸಂಜೆ ನಾಲ್ಕೂವರೆಗೆ ಕಾಗದ ಸುಟ್ಟ ವಾಸನೆ. ಹೋಗಿ ನೋಡಿದರೆ ತೆರೆದಿಟ್ಟ ಪುಟದ ಮೇಲೆ ಅಕ್ಕಿಕಾಳಿನಷ್ಟು ಬೆಳ್ಳಗಿನ ಚುಕ್ಕೆ, ಅದು ಸರಿದು ಬಂದ ದಾರಿಯುದ್ದಕ್ಕೂ ಕಂದು ಗೆರೆ. ಯಾವುದೋ ಮಗು ದೊಡ್ಡ ಅಕ್ಷರದಲ್ಲಿ ಬರೆದ ‘ವೆರಿ ನೈಸ್’ ಅರ್ಧ ಕರಟಿತ್ತು. ಇನ್ನು ನಾಲ್ಕು ಬೆರಳು ಸರಿದಿದ್ದರೆ ಪರದೆ. ಭಾನುವಾರವಾದ್ದರಿಂದ ಜನ ಇದ್ದರು, ಬಚಾವ್.

ಲೆನ್ಸಿಗೆ ಒಳಗು ಹೊರಗು ಅಂತ ಇಲ್ಲ. ನಾಭಿಯಲ್ಲಿ, ಅಂದ್ರೆ ಬೆಳಕು ಒಟ್ಟು ಸೇರುವ ಬಿಂದುವಿನಲ್ಲಿ, ಇಟ್ಟ ದೀಪದ ಬೆಳಕನ್ನು ನೇರ ಮಾಡಿ ಕಡಲಿಗೆ ಕಳಿಸುವ ಗಾಜು, ಕಡಲ ಕಡೆಯಿಂದ ಬಂದ ಬಿಸಿಲನ್ನೂ ಅದೇ ನಾಭಿಗೆ ತಂದು ಸುರೀತದೆ. ಈ ಲೆನ್ಸುಗಳಿಗೆ ಗಾತ್ರದ ಪ್ರಕಾರ ದರ್ಜೆ ಉಂಟು; ನಿಮ್ಮದು ನಾಲ್ಕನೇ ದರ್ಜೆಯದ್ದಾದರೆ 250 ಮಿಲಿಮೀಟರ್ ದೂರದಲ್ಲಿ, ಅಂದ್ರೆ ಸರಿಯಾಗಿ ನಿಮ್ಮ ಮೇಜಿನ ಮೇಲೆಯೇ. ದೊಡ್ಡದಾದ ಒಂದನೇ ದರ್ಜೆಯದ್ದಕ್ಕೆ 920. ಹಿಂದೆ ದೀಪ ಕಾಯುವವರು ಬೆಳಿಗ್ಗೆ ದೀಪ ಆರಿಸಿದ ಕೂಡಲೇ ಮೇಲಿನ ಗಾಜಿನ ಕೋಣೆಗೆ ಪರದೆ ಎಳೀತಿದ್ದದ್ದು ಇದಕ್ಕೇ.

‘ಒಂದು ವಾರ ನೋಡಿದೆ, ಎಂತದೂ ಆಗ್ಲಿಲ್ಲ’ ಅನ್ನಬೇಡಿ. ಡಿಸೆಂಬರಿನಲ್ಲಿ ಸೂರ್ಯ ನೈಋತ್ಯಕ್ಕೆ ವಾಲಿ ಮುಳುಗ್ತಾನೆ, ಜೂನಿನಲ್ಲಿ ವಾಯವ್ಯಕ್ಕೆ. ಚುಕ್ಕೆ ವರ್ಷವಿಡೀ ತಿರುಗ್ತಾ ಇರ್ತದೆ. ಕಿಟಕಿಗೆ ಯುವಿ ಫಿಲ್ಮ್ ಅಂಟಿಸಿದರೆ ಫೋಟೋಗಳ ಬಣ್ಣ ಮಾಸುವುದು ತಡ ಆಗಬಹುದು, ಸುಡುವುದು ನಿಲ್ಲುವುದಿಲ್ಲ.

ನಮಗೆ ಕೆಲಸ ಕೊಟ್ಟದ್ದು ಹೀಗೆ: ಲೆನ್ಸನ್ನು ಕೋಣೆಯ ಅತಿ ಕತ್ತಲ ಮೂಲೆಗೆ ಒಯ್ದೆವು. ಹಿಂದೆ ಒಂದು ಅಡಿ ಉದ್ದದ ಮರದ ಪಟ್ಟಿ, ಅದರ ಮೇಲೆ ಹಿಂದೆ ಮುಂದೆ ಜಾರುವ ಒಂದೇ ವ್ಯಾಟಿನ ಎಲ್‌ಇಡಿ. ನಾಭಿ ಇರುವಲ್ಲಿ ಕೆಂಪು ಗೀಟು. ಮಕ್ಕಳು ದೀಪವನ್ನು ಗೀಟಿಗೆ ತಂದಾಗ ಎದುರು ನಿಂತವರಿಗೆ ಇಡೀ ಗಾಜೇ ದಗ್ಗನೆ ಹೊತ್ತಿಕೊಂಡ ಹಾಗೆ ಕಾಣ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಕತ್ತಲು. ದೀಪಸ್ತಂಭ ಮಿಂಚಿ ಮಿಂಚಿ ಆರಿದ ಹಾಗೆ ಹೇಗೆ ಕಾಣ್ತದೆ ಅಂತ ಅಲ್ಲಿಗೆ ಅರ್ಥ ಆಯ್ತು. ತಿರುಗುವ ಲೆನ್ಸಿದ್ದಲ್ಲಿ ದೀಪ ಆರುವುದೇ ಇಲ್ಲ, ಲೆನ್ಸು ಸುತ್ತುತ್ತದೆ. ಎಲ್‌ಇಡಿ ಯಾವ ಕಂಪನಿಯದ್ದಾದರೂ ಆದೀತು, ಬಿಸಿಯಾಗುವ ಹ್ಯಾಲೊಜನ್ ಮಾತ್ರ ಬೇಡ. ಹಳೇ ಗಾಜನ್ನು ಚೌಕಟ್ಟಿಗೆ ಹಿಡಿದಿಟ್ಟ ಪುಟ್ಟಿ ಮೊದಲೇ ಬಿರುಸಾಗಿರ್ತದೆ.

ಎರಡನೇ ಫೋಟೋದಲ್ಲಿ ಯಾರೋ ಒಣಬಟ್ಟೆಯಲ್ಲಿ ಲೆನ್ಸ್ ತಿಕ್ಕುತ್ತಿದ್ದಾರೆ. ಅಯ್ಯೋ! ಕಡಲ ಬದಿಯ ಧೂಳಲ್ಲಿ ಉಪ್ಪು, ಹೊಯ್ಗೆ ಎರಡೂ ಉಂಟು, ಗೀರು ಖಂಡಿತ. ಮೊದಲು ಮೆತ್ತನೆ ಕುಂಚ, ಆಮೇಲೆ ಡಿಸ್ಟಿಲ್ಡ್ ವಾಟರಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆ. ಕೈಯ ಉಂಗುರ, ವಾಚು, ಕುತ್ತಿಗೆಯ ಐಡಿ ಕಾರ್ಡು ತೆಗೆದಿಟ್ಟು. ಹಿತ್ತಾಳೆಗೆ ಪಾಲಿಶ್ ಹಾಕುವ ಆಸೆ ಬಿಡಿ, ಸಂದಿನಲ್ಲಿ ಕೂತ ಬಿಳಿ ಹಿಟ್ಟು ಜನ್ಮಕ್ಕೆ ಬರುವುದಿಲ್ಲ. ಇನ್ನೊಂದು, ಭಾರದ ಲೆನ್ಸ್ ಹಗುರಾಗಿ ತಿರುಗಲಿ ಅಂತ ಪೀಠದಲ್ಲಿ ಪಾದರಸ ತುಂಬುತ್ತಿದ್ದದ್ದುಂಟು, ಆ ವಿಷ ಉಳಿದಿದೆಯಾ ನೋಡಿದ್ದೀರಾ? ಹೊಳೆಯುವ ಒಂದು ಹನಿ ಕಂಡರೂ ಗುಡಿಸಬೇಡಿ, ವ್ಯಾಕ್ಯೂಮ್ ಹಿಡಿಯಲೇಬೇಡಿ. ಕೋಣೆಗೆ ಬೀಗ ಹಾಕಿ ದೀಪಸ್ತಂಭದ ಇಲಾಖೆಗೆ ಹೇಳಿ.

ಗೋಡೆಗೆ ಫ್ಲೆಕ್ಸ್ ಅಂಟಿಸಿದ್ದೂ ತಪ್ಪೇ. ಗಾರೆ ಗೋಡೆ ಉಸಿರಾಡಬೇಕು, ಮುಚ್ಚಿದರೆ ಉಪ್ಪು ಕಾರಿ ಹೊಪ್ಪಳೆ ಹೊಪ್ಪಳೆಯಾಗಿ ಏಳ್ತದೆ. ಫೆವಿಕಾಲ್ ಮರಕ್ಕೆ ಬಂಗಾರ, ಇಲ್ಲಿಗಲ್ಲ. ಕಾಲಿರುವ ಸ್ಟ್ಯಾಂಡ್ ಮಾಡಿಸಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ಸ್ಕ್ರೂ 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. 304 ಕೂಡ ನಮ್ಮ ಕಡಲಗಾಳಿಗೆ ಚುಕ್ಕೆ ಚುಕ್ಕೆ ತುಕ್ಕು ಹಿಡೀತದೆ.

ಬೋರ್ಡಿನ ಬರಹದ ಬಗ್ಗೆ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಈ ಲೆನ್ಸ್ ರೂಪಿಸಿದ ಫ್ರೆನೆಲ್ ಬಗ್ಗೆ ಮುನ್ನೂರು ಪದ ಯಾರು ಓದ್ತಾರೆ? 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಅವನ ಲೆನ್ಸು ಬೆಳಗಿತು, ಇಷ್ಟು ಸಾಕು. ಕಾಪುವಿನ ದೀಪಸ್ತಂಭ 1901ರದ್ದು ಅಂತ ಪಕ್ಕದಲ್ಲಿ ಬರೆದರೆ ಊರವರಿಗೆ ಕಾಲದ ಅಂದಾಜು ಸಿಗ್ತದೆ. ಉದ್ದದ ಬೋರ್ಡನ್ನು ಮೆಟ್ಟಿಲ ಮೇಲೆ ಬೇಡ, ಜನ ಏದುಸಿರು ಬಿಡುತ್ತಾ ನಿಲ್ಲುವ ತಿರುವಿನಲ್ಲಿ ಹಾಕಿ. ಬೋರ್ಡ್ ಪ್ರಿಂಟ್ ಮಾಡುವ ಅಂಗಡಿಗೆ ವಾಟ್ಸಾಪಿನಲ್ಲಿ ಟೈಪು ಮಾಡಿ ಕಳಿಸಬೇಡಿ, ಫಾಂಟ್ ಸೇರಿದ ಪಿಡಿಎಫ್ ಕೊಡಿ. ಇಲ್ಲದಿದ್ದರೆ ಒತ್ತಕ್ಷರ ಒಂದು ಕಡೆ, ಅರ್ಕಾವೊತ್ತು ಇನ್ನೊಂದು ಕಡೆ. ನಿಮ್ಮ ಬೋರ್ಡಿನ ‘ಸೂರ್ಯಾಸ್ತ’ ಝೂಮ್ ಮಾಡಿ ನೋಡಿ.

ಮೇಲಿನ ಬಾಲ್ಕನಿಗೆ ಸೀರಿಯಲ್ ಸೆಟ್ ಸುತ್ತುವ ಯೋಚನೆ ಕೈಬಿಡಿ. ಪ್ರತಿ ದೀಪಸ್ತಂಭಕ್ಕೂ ತನ್ನದೇ ಮಿಂಚಿನ ಲೆಕ್ಕ ಉಂಟು, ಬೋಟಿನವರು ಅದನ್ನೇ ಎಣಿಸಿ ಜಾಗ ಗುರುತಿಸುವುದು. ಕಡಲಿಗೆ ಕಾಣುವ ಕಡೆ ನಮ್ಮ ಅಲಂಕಾರದ ದೀಪ ಮಿಣುಕಬಾರದು.

ಇದೆಲ್ಲ ನಿಧಾನಕ್ಕೆ ಮಾಡಿ. ಇವತ್ತು ಮೂರು ಗಂಟೆಯೊಳಗೆ ಆ ಲೆನ್ಸಿಗೆ ಒಂದು ಬೈರಾಸಾದರೂ ಹೊದಿಸಿ, ಕಿಟಕಿ ಬಾಗಿಲು ಹಾಕಿ. ಎಲ್‌ಇಡಿ ಪಟ್ಟಿಯ ಫೋಟೋ ರಾತ್ರಿ ಹಾಕ್ತೇನೆ.